ನಲವತ್ತೆರಡು ಬಿಟ್‌ಗಳಿಗೊಂದು ಸರ್ಕಾರಿ ಅನುದಾನ

ಮೊದಲ ಸಲ ಅನುದಾನಕ್ಕೆ ಅರ್ಜಿ ಹಾಕಿದಾಗ ನಾನು ಶೀರ್ಷಿಕೆಯಲ್ಲೇ ಎಡವಿದ್ದೆ. ಸ್ವಾಯತ್ತ ಎಐ ಏಜೆಂಟ್‌ಗಳ, ಅಂದರೆ ತಾವೇ ನಿರ್ಧರಿಸಿ ಕೆಲಸ ಮಾಡುವ ಯಂತ್ರ-ತಂತ್ರಾಂಶಗಳ, ನಡುವಿನ ಸಂವಹನಕ್ಕೆ ಸಮಗ್ರ ಗಣಿತ ಸಿದ್ಧಾಂತವೊಂದನ್ನು ಕಟ್ಟುತ್ತೇನೆಂದು ಇಪ್ಪತ್ತು ಪುಟ ಬರೆದು, ಡ್ರೋನು, ಗೋದಾಮಿನ ರೋಬೋಟು, ಸಿಗ್ನಲ್ ದೀಪ ಎಲ್ಲವನ್ನೂ ಅದರೊಳಗೆ ತುರುಕಿದ್ದೆ. ಅರ್ಜಿ ತಿರಸ್ಕೃತವಾಯಿತು. ಸಾಧಿಸಹೊರಟ ಪ್ರಮೇಯ ಯಾವುದೆಂದೇ ತಿಳಿಯುತ್ತಿಲ್ಲ ಎಂಬುದು ಪರಿಶೀಲಕರ ಟಿಪ್ಪಣಿಯ ಸಾರವಾಗಿತ್ತು. ಒಂದು ವಾರ ಸಿಟ್ಟಿನಲ್ಲಿದ್ದೆ. ಸಿಟ್ಟಿಳಿದ ಮೇಲೆ ನನ್ನ ಇಪ್ಪತ್ತು ಪುಟಗಳನ್ನು ಮತ್ತೆ ಓದಿದಾಗ ನನಗೂ ತಿಳಿಯಲಿಲ್ಲ.

ಎರಡನೆಯ ಬಾರಿ ಗಣಿತ ವಿಜ್ಞಾನಗಳಿಗೆಂದೇ ಇರುವ ಮ್ಯಾಟ್ರಿಕ್ಸ್ ಯೋಜನೆಯನ್ನು ಆರಿಸಿಕೊಂಡೆ. ಆಗ ಅದನ್ನು ನಡೆಸುತ್ತಿದ್ದದ್ದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ). ಮೊತ್ತ ವರ್ಷಕ್ಕೆ 2 ಲಕ್ಷ ರೂಪಾಯಿ, ಮೂರು ವರ್ಷದ ಮಟ್ಟಿಗೆ. ರೋಬೋಟು, ಸೆನ್ಸರುಗಳನ್ನೊಳಗೊಂಡ ಸೈಬರ್-ಭೌತಿಕ ವ್ಯವಸ್ಥೆಗಳ ರಾಷ್ಟ್ರೀಯ ಮಿಷನ್‌ಗೆ 2018ರಲ್ಲಿ ಕೇಂದ್ರ ಸರ್ಕಾರ 3,660 ಕೋಟಿ ಮಂಜೂರು ಮಾಡಿದ್ದನ್ನು ನೆನೆದರೆ ಇದು ಚಿಲ್ಲರೆ ಕಾಸು. ಆದರೆ ಮೊತ್ತ ಚಿಕ್ಕದಾದದ್ದರಿಂದಲೇ ಪ್ರಶ್ನೆಯನ್ನೂ ಚಿಕ್ಕದು ಮಾಡಿಕೊಳ್ಳಬೇಕಾಯಿತು, ಮತ್ತು ನನ್ನ ಮಟ್ಟಿಗೆ ಕೆಲಸ ಶುರುವಾದದ್ದೇ ಅಲ್ಲಿಂದ.

ಹೊಸ ಅರ್ಜಿಯ ಮೊದಲ ಪುಟದಲ್ಲಿ ಸಿದ್ಧಾಂತದ ಮಾತೇ ಇರಲಿಲ್ಲ, ಒಂದು ಲೆಕ್ಕವಿತ್ತು. ಎರಡು ಏಜೆಂಟ್‌ಗಳ ಬಳಿ ತಲಾ 1000 ಬಿಟ್‌ಗಳ, ಅಂದರೆ ಸಾವಿರ ಸೊನ್ನೆ-ಒಂದುಗಳ, ದಾಖಲೆಯಿದೆ, ಎರಡೂ ಒಂದೇ ಹೌದೋ ಅಲ್ಲವೋ ಎಂಬುದು ಅವಕ್ಕೆ ಗೊತ್ತಾಗಬೇಕು. ತಪ್ಪಿಗೆ ಎಡೆಯೇ ಇರಬಾರದೆಂದರೆ 1000 ಬಿಟ್‌ಗಳನ್ನೂ ಕಳುಹಿಸದೆ ವಿಧಿಯಿಲ್ಲ. ಒಂದು ಕೆಲಸಕ್ಕೆ ಕನಿಷ್ಠ ಎಷ್ಟು ಬಿಟ್‌ಗಳ ಮಾತು ಬೇಕೆಂದು ಕೇಳುವ ಸಂವಹನ ಸಂಕೀರ್ಣತೆಯ ಅಧ್ಯಯನ ಗಣಕ ವಿಜ್ಞಾನಿ ಆಂಡ್ರ್ಯೂ ಯಾವೋ ಅವರ 1979ರ ಪ್ರಬಂಧದಿಂದ ಮೊದಲಾದದ್ದು ಇಂಥ ಪ್ರಶ್ನೆಗಳಿಂದಲೇ. ಈಗ ದಾಖಲೆಯನ್ನು ಒಂದು ದೊಡ್ಡ ಸಂಖ್ಯೆಯೆಂದು ಎಣಿಸಿ, ಮೊದಲ ಒಂದು ಲಕ್ಷ ಅವಿಭಾಜ್ಯ ಸಂಖ್ಯೆಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಆರಿಸಿ, ಅದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಆ ಅವಿಭಾಜ್ಯದ ಜೊತೆಗೆ ಕಳುಹಿಸಿದರೆ ಸಾಕು. ಪಟ್ಟಿಯ ಕೊನೆಯ ಅವಿಭಾಜ್ಯ 12,99,709, ಅಂದರೆ 21 ಬಿಟ್; ಶೇಷಕ್ಕೆ ಇನ್ನೊಂದು 21; ಒಟ್ಟು 42. ದಾಖಲೆಗಳು ಬೇರೆಯಾಗಿದ್ದರೆ ಅವುಗಳ ವ್ಯತ್ಯಾಸವನ್ನು ಭಾಗಿಸುವ ಅವಿಭಾಜ್ಯಗಳ ಎಣಿಕೆ ಸಾವಿರವನ್ನು ಮೀರಲಾರದು, ಹಾಗಾಗಿ ಮೋಸಹೋಗುವ ಸಂಭವನೀಯತೆ ನೂರಕ್ಕೆ ಒಂದಕ್ಕಿಂತ ಹೆಚ್ಚಲ್ಲ. ಈ ಲೆಕ್ಕ ನನ್ನದಲ್ಲ, ಹಳೆಯದು. ಆದರೂ ತೀರಾ ಸಣ್ಣ ತಪ್ಪೊಂದನ್ನು ಒಪ್ಪಿಕೊಂಡರೆ ಮಾತು ಎಷ್ಟು ಅಗ್ಗವಾಗುತ್ತದೆ ಎಂಬುದನ್ನು ಪರಿಶೀಲಕರಿಗೆ ಅರ್ಧ ಪುಟದಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೆಯ ಪುಟದಲ್ಲಿ ಕಪಟದ ಪ್ರಶ್ನೆಯಿತ್ತು. ಹೇಳುವವನ ಹಿತವೂ ಕೇಳುವವನ ಹಿತವೂ ಒಂದೇ ಅಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಕ್ರಾಫರ್ಡ್ ಮತ್ತು ಸೋಬೆಲ್ 1982ರಲ್ಲೇ ಲೆಕ್ಕ ಹಾಕಿದ್ದಾರೆ: ಅವರ ಅತಿ ಸರಳ ಮಾದರಿಯಲ್ಲಿ ಇಬ್ಬರ ಆಸೆಗಳ ನಡುವಿನ ಅಂತರ ಸಾಧ್ಯತೆಗಳ ಒಟ್ಟು ಹರವಿನ ಕಾಲು ಭಾಗ ಮೀರಿದರೆ, ಆಡಿದ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಬಿಟ್‌ಗಳಿಗೂ ಮಿತಿಯಿದ್ದು, ಹಿತವೂ ಬೇರೆಯಾಗಿದ್ದರೆ? ನನ್ನ ಅರ್ಜಿ ಕೇಳಿದ್ದು ಇಷ್ಟನ್ನೇ. ಅದೇ 1982ರಲ್ಲಿ ವಿವೇಕ್ ಬೋರ್ಕರ್ ಮತ್ತು ಪ್ರವೀಣ್ ವರಯ್ಯ ಬರೆದ ಪ್ರಬಂಧವೂ ನನ್ನ ಮೇಜಿನ ಮೇಲಿತ್ತು. ಪ್ರಾಮಾಣಿಕರು ತಮ್ಮ ತಮ್ಮ ಅಂದಾಜುಗಳನ್ನು ಪರಸ್ಪರ ತಿಳಿಸುತ್ತ ಹೋದರೆ ಕಡೆಗೆ ಒಮ್ಮತಕ್ಕೆ ಬರುತ್ತಾರೆಂಬುದು ಅದರ ತಿರುಳು. ಬೋರ್ಕರ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಲವು ವರ್ಷ ಇದ್ದವರಾದ್ದರಿಂದ, ಈ ವಿಷಯ ನಮ್ಮ ನೆಲಕ್ಕೆ ಹೊಸದಲ್ಲ ಎಂಬ ಧೈರ್ಯವೂ ನನಗಿತ್ತು.

ಹಣ ಬಂತು. 2023ರಿಂದ ಕಿರಿಯ ಸಂಶೋಧನಾ ಸಹಾಯಕರ (ಜೆಆರ್‌ಎಫ್) ವೇತನವೇ ತಿಂಗಳಿಗೆ 37,000 ಆಗಿರುವಾಗ ಇಷ್ಟರಲ್ಲಿ ಪೂರ್ಣಾವಧಿ ಸಹಾಯಕರನ್ನು ನೆನೆಯುವಂತೆಯೇ ಇರಲಿಲ್ಲ. ಹೆಚ್ಚಿನದು ಪ್ರಯಾಣಕ್ಕೆ ಹೋಯಿತು: ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಹಗಲಿಡೀ ಬೋರ್ಡಿನ ಮುಂದೆ ಜಗಳವಾಡಿ, ಮರುರಾತ್ರಿ ಹಿಂದಿರುಗುತ್ತಿದ್ದೆ. ಪ್ರತಿ ಮಾರ್ಚ್ ಕೊನೆಯಲ್ಲಿ ಹಣ ಹೇಗೆ ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರದ 12-ಎ ನಮೂನೆ ಹಿಡಿದು ಸಹಿಗಾಗಿ ಅಲೆದದ್ದನ್ನು ವಿವರಿಸುವ ಅಗತ್ಯವಿಲ್ಲ, ಅನುದಾನ ಪಡೆದವರಿಗೆಲ್ಲ ಅದು ಗೊತ್ತು. ಯೋಜನೆ ನಡುದಾರಿಯಲ್ಲಿದ್ದಾಗ, 2024ರ ಫೆಬ್ರವರಿಯಲ್ಲಿ, ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ (ಎಎನ್‌ಆರ್‌ಎಫ್) ಕಾಯ್ದೆ ಜಾರಿಗೆ ಬಂದು ಎಸ್‌ಇಆರ್‌ಬಿ ಅದರಲ್ಲಿ ಲೀನವಾಯಿತು.

ಫಲಿತಾಂಶವೆಂದರೆ ಎರಡು ಏಜೆಂಟ್‌ಗಳಿಗೆ ಅನ್ವಯಿಸುವ ಒಂದು ಸಾಧಾರಣ ಪ್ರಮೇಯ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳಿದ ಪ್ರಶ್ನೆ: "ಸರ್, ಆ ಅವಿಭಾಜ್ಯವನ್ನು ಆರಿಸುವವನೇ ಕಪಟಿಯಾಗಿದ್ದರೆ?" ಎರಡೂ ದಾಖಲೆಗಳನ್ನು ಬಲ್ಲವನು ಚೀಟಿ ಎತ್ತದೆ, ಅವುಗಳ ವ್ಯತ್ಯಾಸವನ್ನು ಭಾಗಿಸುವ ಅವಿಭಾಜ್ಯವೊಂದು ಪಟ್ಟಿಯಲ್ಲಿದ್ದರೆ ಅದನ್ನೇ ಹೆಕ್ಕಿ ಕೊಡಬಲ್ಲ, ಆಗ ಬೇರೆಬೇರೆ ದಾಖಲೆಗಳೂ ಒಂದೇ ಎಂದು ಕಾಣುತ್ತವೆ, ನನ್ನ 42 ಬಿಟ್‌ಗಳ ಲೆಕ್ಕ ಕುಸಿಯುತ್ತದೆ. ನನ್ನ ಅರ್ಜಿಯ ಮೊದಲ ಪುಟಕ್ಕೂ ಎರಡನೆಯ ಪುಟಕ್ಕೂ ಇರುವ ಈ ನಂಟು ಮೂರು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಅರ್ಜಿಯನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದ್ದೇನೆ. ಈ ಸಲ ಒಟ್ಟು ಆರೇ ಪುಟ.