ಮಕ್ಕಳ ಜೊತೆ ತೋಟದ ಮನೆಯಲ್ಲಿ ಎರಡು ತಿಂಗಳು

ಏಪ್ರಿಲ್ ಬಂತೆಂದರೆ ಇಬ್ಬರು ಮಕ್ಕಳನ್ನೂ ಕಟ್ಟಿಕೊಂಡು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಅತ್ತೆಮನೆಗೆ ಹೊರಡುತ್ತೇನೆ. ವಾಪಸು ಬರುವುದು ಮೇ ಕೊನೆಗೆ. ದೊಡ್ಡವಳಿಗೆ ಆರು, ಚಿಕ್ಕವನಿಗೆ ಇನ್ನೂ ಮೂರು ತುಂಬಿಲ್ಲ. ಮೊದಲ ವರ್ಷ ಚೀಲದ ತುಂಬ ಆಟಿಕೆ ಹೊತ್ತಿದ್ದೆ. ಮೂರನೇ ದಿನಕ್ಕೆ ಅಟ್ಟ ಸೇರಿದವು. ಅಡಿಕೆ ಹಾಳೆಯ ಮೇಲೆ ಒಬ್ಬರು ಕೂತು ಇನ್ನೊಬ್ಬರು ಎಳೆಯುವ ಆಟದ ಮುಂದೆ ಅವೆಲ್ಲ ಯಾವ ಲೆಕ್ಕ! ಆ ಜಾಗದಲ್ಲಿ ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಟಾರ್ಚು, ಜ್ವರದ ಔಷಧಿ, ಚಿಮಟ ಇಟ್ಟುಕೊಳ್ಳಿ.

ಹೋದ ದಿನವೇ ಬಾವಿಗೆ ಬಲೆ ಇದೆಯೇ ನೋಡಿ. ನಮ್ಮ ಮನೆಯಲ್ಲಿ ಒಂದೇ ಕಾನೂನು: ದಣಪೆ (ಬೇಲಿಯ ಬಾಗಿಲು) ದಾಟಬೇಕಾದರೆ ದೊಡ್ಡವರ ಕೈ ಹಿಡಿದಿರಬೇಕು. ಹತ್ತು ನಿಯಮ ಹೇಳಿದರೆ ಒಂದೂ ತಲೆಗೆ ಹೋಗುವುದಿಲ್ಲ. ಅಂಗಳದಲ್ಲಿ ಬಿದ್ದ ಅಡಿಕೆಯನ್ನು ಮಾತ್ರ ಬೆಳಗ್ಗೆಯೇ ಹೆಕ್ಕಿಬಿಡಿ, ಚಿಕ್ಕವರ ಬಾಯಿಗೆ ಹೋದೀತು.

ನಾನು ಗದರುವುದು ದರಕಿನ ವಿಷಯಕ್ಕೆ. ಕೊಟ್ಟಿಗೆಗೆಂದು ಗುಡಿಸಿ ತಂದ ಒಣ ಎಲೆಯ ರಾಶಿ ಕಂಡರೆ ಮಕ್ಕಳು ಹಾರದೆ ಬಿಡುವುದಿಲ್ಲ. ಅದರಲ್ಲಿ ಉಣುಗು (ರಕ್ತ ಹೀರುವ ಉಣ್ಣೆ) ಇರುತ್ತದೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಎಂಬ ಜ್ವರ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯೂ ಅದರ ಕಾಲವೇ. ಹಾಗಾಗಿ ಸಂಜೆ ಹಂಡೆಯ ಬಿಸಿನೀರು ಹೊಯ್ಯುವ ಮೊದಲು ಕಿವಿಯ ಹಿಂದೆ, ಕಂಕುಳು, ತೊಡೆಸಂದು, ತಲೆಗೂದಲು ಬೆಳಕಿನಲ್ಲಿ ನೋಡುತ್ತೇನೆ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಮಚ್ಚೆಯೆಂದೇ ಅನಿಸುತ್ತದೆ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಸೋಪು ಹಚ್ಚಿ ತೊಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ಹೋಗುವುದೇ ಬೇಡ. ಒಂದೆರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಉಣುಗಿನ ವಿಷಯ ಮೊದಲು ಹೇಳಿ. ಊರಿಗೆ ಮರಳಿದ ಮೇಲೂ ಅಷ್ಟೇ, ಬೆಂಗಳೂರಿನ ಡಾಕ್ಟರಿಗೆ ಅದು ಹೊಳೆಯಬೇಕಲ್ಲ.

ಮಧ್ಯಾಹ್ನ "ಬೋರು" ಅಂದರೆ ಕೆಲಸ ಕೊಡಿ. ಮೇ ತಿಂಗಳು ಹಲಸಿನ ಹಪ್ಪಳದ ಕಾಲ. ಅತ್ತೆ ಬೇಯಿಸಿದ ಸೊಳೆ (ಹಲಸಿನ ತೊಳೆ) ರುಬ್ಬಿ ಉಂಡೆ ಕಟ್ಟುತ್ತಾರೆ, ಮಗಳು ಮಣೆಯಿಂದ ಒತ್ತುತ್ತಾಳೆ, ಚಿಕ್ಕವನು ಕೋಲು ಹಿಡಿದು ಚಾಪೆಯ ಪಕ್ಕ ಕಾಗೆ ಕಾಯುತ್ತಾನೆ. ಉಂಡೆಯ ಲೆಕ್ಕ ಎಂದೂ ಸರಿಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಾಕಿ ಹಸಿ ಹಿಟ್ಟು ತಿನ್ನುವುದರಲ್ಲಿ ಅಜ್ಜಿಯೂ ಪಾಲುದಾರರು. ಹಲಸಿನ ಮೇಣ ಕೂದಲಿಗೆ ಹತ್ತಿದರೆ ನೀರು ಮುಟ್ಟಿಸಬೇಡಿ. ನಾನು ಶಾಂಪೂ ತಿಕ್ಕಿ, ಕೊನೆಗೆ ಕತ್ತರಿ ಹಿಡಿದವಳು. ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೀಗೆಪುಡಿ.

ಹೊರಡುವ ಹಿಂದಿನ ರಾತ್ರಿ ಮಕ್ಕಳ ಚೀಲ ತಪಾಸಣೆ ಮಾಡಿ. ಹೋದ ವರ್ಷ ಬೆಂಗಳೂರಿಗೆ ಬಂದು ಬಿಚ್ಚಿದರೆ ಎರಡು ಅಡಿಕೆ ಹಾಳೆ, ಒಂದು ಕವಣೆ, ಊಟದ ಡಬ್ಬಿಯಲ್ಲಿ ಜೀವ ಇದ್ದ ಬಸವನಹುಳು.