ಸ್ಕೆಚ್‌ಬುಕ್‌ನಲ್ಲಿದ್ದ ರೇಷ್ಮೆ ಹುಳ ತಲೆ ಎತ್ತಿದ್ದು ಹೆಂಗೆ: ಬಿಡಿಸಿದ ಚಿತ್ರನ ಆನಿಮೇಷನ್ ಮಾಡಿದ ನನ್ನ ಅನುಭವ

ಸ್ಕೆಚ್‌ಬುಕ್‌ನಲ್ಲಿರೋ ಚಿತ್ರ ಅಲ್ಲಾಡ್ಬೇಕು ಅಂದ ತಕ್ಷಣ ಎಲ್ರೂ ಕೇಳೋದು ಯಾವ ಸಾಫ್ಟ್‌ವೇರ್ ಅಂತ. ಅದನ್ನ ಆಮೇಲೆ ಹೇಳ್ತೀನಿ, ಯಾಕಂದ್ರೆ ಅದಕ್ಕೂ ಮುಂಚೆ ಪೇಪರ್ ಮುಂದೆ ಇಟ್ಕೊಂಡು ಕೂತು ತೀರ್ಮಾನ ಮಾಡ್ಬೇಕಾಗಿರೋದು ಒಂದಿದೆ, ಈ ಚಿತ್ರದಲ್ಲಿ ಯಾವ್ದು ಅಲ್ಲಾಡ್ಬೇಕು ಯಾವ್ದು ಸುಮ್ನೆ ಇರ್ಬೇಕು ಅನ್ನೋದು. ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಮುಗಿಯತ್ತೆ. ಎಲ್ಲಾನೂ ಅಲ್ಲಾಡ್ಸಕ್ಕೆ ಹೋದ್ರೆ ನೋಡೋರ ಕಣ್ಣು ಎಲ್ಲೂ ನಿಲ್ಲಲ್ಲ, ಬಿಡಿಸೋರ ಕೈಯಂತೂ ಸೋತೇ ಹೋಗತ್ತೆ.

ನಮ್ದು ಶಿಡ್ಲಘಟ್ಟದ ಕಡೆ, ದೊಡ್ಡಮ್ಮನ ಮನೇಲಿ ಹುಳ ಸಾಕ್ತಾರೆ. ಎ5 ಸೈಜಿನ ಸ್ಕೆಚ್‌ಬುಕ್ ಪೂರ್ತಿ ಇಂಕ್ ಪೆನ್ನಲ್ಲಿ ಬಿಡಿಸಿದ್ದು ಅದೇ. ಹುಳದ ಮನೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಗೋಡೆಗೆ ಒರಗಿಸಿರೋ ಚಂದ್ರಿಕೆ (ಹುಳ ಗೂಡು ಕಟ್ಟೋಕೆ ಬಿಡೋ, ಸುತ್ತು ಸುತ್ತಾಗಿ ಹೆಣೆದ ಬಿದಿರಿನ ತಟ್ಟೆ), ಆಮೇಲೆ ಗೂಡು ಮಾರ್ಕೆಟ್‌ನಲ್ಲಿ ಒಂದು ಗೂಡು ಎತ್ಕೊಂಡು ಕಿವಿ ಹತ್ರ ಅಲ್ಲಾಡ್ಸಿ ಒಳಗಿನ ಹುಳದ ಸದ್ದು ಕೇಳೋ ರೀಲರ್‌ಗಳು, ಅಂದ್ರೆ ಗೂಡು ಕೊಂಡು ನೂಲು ತೆಗೆಯೋರು. ಇವನ್ನ ಸೇರ್ಸಿ ಒಂದು ಚಿಕ್ಕ ಕಾಮಿಕ್ ಮಾಡಿದ್ದೆ, ಸೊಪ್ಪಿಂದ ಶುರುವಾಗಿ ಮಾರ್ಕೆಟ್‌ಗೆ ಮುಗಿಯೋದು. ಅದನ್ನೇ ಒಂದು ನಿಮಿಷದ ಮೇಲೆ ಚೂರು ಬರೋ ಆನಿಮೇಷನ್ ಮಾಡಿದೆ, ಆ ದಾರಿಯೇ ಇದು.

ಕಾಮಿಕ್‌ಗೂ ಆನಿಮೇಷನ್‌ಗೂ ದೊಡ್ಡ ವ್ಯತ್ಯಾಸ ಟೈಮು. ಕಾಮಿಕ್ ಓದೋರು ಒಂದು ಚೌಕದ ಮೇಲೆ ಎಷ್ಟು ಹೊತ್ತು ಬೇಕಾದ್ರೂ ನಿಲ್ತಾರೆ, ವಾಪಸ್ ಹೋಗ್ತಾರೆ, ಇಲ್ಲಿ ಆ ಟೈಮನ್ನ ನಾವೇ ಕೊಡ್ಬೇಕು. ಅದಕ್ಕೆ ನಾನು ಮೊದ್ಲು ಮಾಡಿದ್ದು ಎಲ್ಲಾ ಚೌಕಗಳನ್ನ ಮೊಬೈಲಲ್ಲಿ ಫೋಟೋ ತೆಗೆದು ವಿಡಿಯೋ ಎಡಿಟರ್‌ಗೆ ಸಾಲಾಗಿ ಹಾಕಿ, ಬಲೂನಲ್ಲಿದ್ದ ಮಾತನ್ನ ನನ್ನ ದನಿಯಲ್ಲೇ ಜೋರಾಗಿ ಓದಿ ರೆಕಾರ್ಡ್ ಮಾಡಿ ಕೆಳಗೆ ಸೇರ್ಸಿದ್ದು. ಇದಕ್ಕೆ ಆನಿಮ್ಯಾಟಿಕ್ ಅಂತಾರೆ. ಒಂದು ಗೆರೆಯೂ ಅಲ್ಲಾಡಿರಲ್ಲ, ಆದ್ರೆ ಎಲ್ಲಿ ಬೋರ್ ಹೊಡಿಯತ್ತೆ ಎಲ್ಲಿ ಓಡಿ ಹೋಗತ್ತೆ ಅಂತ ಇಲ್ಲೇ ಕಾಣತ್ತೆ. ಕಾಮಿಕ್‌ನಲ್ಲಿ ಚೆನ್ನಾಗಿದ್ದ ಎರಡು ಚೌಕ ಇಲ್ಲಿ ಒಂದೇ ಮಾತು ಎರಡು ಸಲ ಹೇಳ್ದಂಗೆ ಇತ್ತು, ಒಂದನ್ನ ತೆಗೆದೆ. ದಯವಿಟ್ಟು ಈ ಹಂತ ಬಿಡ್ಬೇಡಿ, ಬಿಡಿಸಿ ಆದ್ಮೇಲೆ ಕತ್ತರಿಸೋದು ಹೊಟ್ಟೆ ಉರಿಯೋ ಕೆಲಸ.

ಸ್ಕ್ಯಾನ್ ವಿಷಯ ಬೇಗ ಹೇಳ್ಬಿಡ್ತೀನಿ. ಎ5 ಹಾಳೆ ಅಡ್ಡ ಇಟ್ಟು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದ್ರೆ ಸುಮಾರು 2480 ಪಿಕ್ಸೆಲ್ ಅಗಲ ಬರತ್ತೆ, 1920 ಅಗಲದ ಫುಲ್ ಎಚ್‌ಡಿ ವಿಡಿಯೋಗೆ ಅಷ್ಟು ಸಾಕು. ಆದ್ರೆ ಚಿತ್ರದ ಒಂದು ಮೂಲೆಗೆ ಝೂಮ್ ಆಗ್ಬೇಕು ಅಂದ್ರೆ 600ಕ್ಕೆ ಮಾಡಿ, ಇಲ್ಲಾಂದ್ರೆ ಗೆರೆ ಮಸುಕಾಗತ್ತೆ. ಸ್ಕ್ಯಾನರ್ ಇಲ್ದೆ ಇದ್ರೆ ಕಿಟಕಿ ಪಕ್ಕ ನೇರ ಬಿಸಿಲು ಬೀಳ್ದೆ ಇರೋ ಕಡೆ ಪುಸ್ತಕ ಇಟ್ಟು, ಬೈಂಡಿಂಗ್ ಹತ್ರ ಹಾಳೆ ಉಬ್ಬದೇ ಇರೋ ಹಾಗೆ ಗಾಜಿನ ತುಂಡು ಒತ್ತಿ ಮೊಬೈಲಲ್ಲಿ ತೆಗೀಬೋದು. ಆಮೇಲೆ ಫೋಟೋ ಎಡಿಟರ್‌ನ ಲೆವೆಲ್ಸ್‌ನಲ್ಲಿ (ಕಪ್ಪು-ಬಿಳುಪು ಹೊಂದಿಸೋ ಆಯ್ಕೆ) ಪೇಪರ್ ಬೆಳ್ಳಗೆ, ಇಂಕ್ ಕಪ್ಪಗೆ ಬರೋ ತನಕ ಎಳೀರಿ, ಆದ್ರೆ ತೀರಾ ಎಳೀಬೇಡಿ. ಪೆನ್ ಒಣಗಿದಾಗ ಬಿದ್ದ ಆ ಒರಟು ಗೆರೆ ಇದ್ಯಲ್ಲ, ಅದು ಹೋದ್ರೆ ಸ್ಕೆಚ್‌ಬುಕ್‌ನಿಂದ ಮಾಡಿದ್ದು ಅನ್ನೋದೇ ಹೋಗ್ಬಿಡತ್ತೆ. ಸುಮಾರು ಜನ ಮೊದ್ಲೇ ಎಲ್ಲಾನೂ ಕಂಪ್ಯೂಟರ್‌ನಲ್ಲಿ ನೀಟಾಗಿ ಮತ್ತೆ ಬಿಡಿಸ್ತಾರೆ, ನನಗೆ ಅದು ಇಷ್ಟ ಇಲ್ಲ, ಅಲ್ಲೇ ಕೂತು ನೋಡಿ ಬಿಡಿಸಿದ ಗೆರೆಯಲ್ಲಿರೋ ಜೀವ ಮತ್ತೆ ಬರಲ್ಲ.

ಈಗ ಅಸಲಿ ವಿಷಯ. ನಾನು ಎರಡು ರೀತಿ ಮಾಡಿದೆ, ಕೆಲವು ಚಿತ್ರ ಕತ್ತರಿಸಿ ಅಲ್ಲಾಡ್ಸಿದ್ದು, ಕೆಲವು ಒಂದೊಂದೇ ಹಾಳೆ ಹೊಸದಾಗಿ ಬಿಡಿಸಿದ್ದು.

ಕತ್ತರಿಸೋ ವಿಧಾನಕ್ಕೆ ಕಟ್‌ಔಟ್ ಅಂತಾರೆ. ನಮ್ಮ ತೊಗಲು ಗೊಂಬೆಯಲ್ಲಿ ಕೈ ಬೇರೆ ತೊಗಲಲ್ಲಿ ಕತ್ತರಿಸಿ ದಾರದಲ್ಲಿ ಕಟ್ಟಿರ್ತಾರಲ್ಲ, ಕೆಲಸ ಮಾಡೋದು ಅದೇ ರೀತಿ, ಕೀಲು ಎಲ್ಲಿದ್ಯೋ ಅಲ್ಲಿಂದ ತಿರುಗತ್ತೆ. ರೀಲರ್ ಚಿತ್ರದಲ್ಲಿ ನಾನು ಕತ್ತರಿಸಿದ್ದು ಮುಂಗೈ, ಅಂಗೈ, ಕಣ್ಣುಗುಡ್ಡೆ ಅಷ್ಟೇ. ಮೈ, ಟವೆಲ್ಲು, ಹಿಂದೆ ನಿಂತ ಜನ ಎಲ್ಲಾ ಸ್ಕೆಚ್‌ನಲ್ಲಿ ಹೆಂಗಿತ್ತೋ ಹಂಗೇ. ಇಲ್ಲಿ ಮೂರು ವಿಷಯ ಗಮನ ಇಟ್ಕೊಳಿ. ಒಂದು, ಕೀಲಿನ ಹತ್ರ ಎರಡೂ ತುಂಡು ಒಂದರ ಮೇಲೆ ಒಂದು ಬರೋ ಹಾಗೆ ಜಾಸ್ತಿ ಬಿಟ್ಟು ಕತ್ತರಿಸಿ, ತುದಿ ಗುಂಡಗೆ ಇರ್ಲಿ, ತಿರುಗೋ ಬಿಂದು ಆ ಗುಂಡಿನ ಮಧ್ಯಕ್ಕೆ ಇಡಿ, ಆಗ ಮೊಣಕೈ ಎಷ್ಟು ಮಡಚಿದ್ರೂ ಬಿರುಕು ಕಾಣಲ್ಲ. ಎರಡನೇದು, ಕೈ ಸರಿದ್ರೆ ಅದರ ಹಿಂದೆ ಏನಿತ್ತು ಅಂತ ಬೇಕಲ್ವಾ, ಅಂಗಿಯ ಆ ಭಾಗನ ಅದೇ ಪೆನ್ನು ಅದೇ ತರ ಪೇಪರ್‌ನಲ್ಲಿ ಬಿಡಿಸಿ ಸ್ಕ್ಯಾನ್ ಮಾಡಿ ಕೆಳಗೆ ಅಂಟಿಸಿದೆ, ಡಿಜಿಟಲ್ ಬ್ರಷ್‌ನಲ್ಲಿ ತುಂಬಿದ್ರೆ ತೇಪೆ ಥರ ಕಾಣತ್ತೆ. ಮೂರನೇದು ಬಹಳ ಜನಕ್ಕೆ ತಲೆ ತಿನ್ನೋದು: ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಇಡೋ ಚಿತ್ರದ ಪದರನ, ಅಂದ್ರೆ ಲೇಯರನ್ನ, ಮಲ್ಟಿಪ್ಲೈ ಅನ್ನೋ ಮೋಡ್‌ಗೆ ಹಾಕಿದ್ರೆ ಬಿಳಿ ಮಾಯ ಆಗಿ ಗೆರೆ ಉಳಿಯತ್ತೆ, ಸರಿ, ಆದ್ರೆ ಕೈ ಒಳಗಿಂದ ಹಿಂದಿನ ಅಂಗಿ ಗೆರೆನೂ ಕಾಣತ್ತೆ. ಅದಕ್ಕೆ ಪ್ರತಿ ತುಂಡಿನ ಗೆರೆಯ ಕೆಳಗೆ ಪೇಪರ್ ಬಣ್ಣದ ಒಂದು ತುಂಬಿದ ಆಕಾರ ಇಡ್ಬೇಕು, ಆಗ ಕೈ ಕೈಯಾಗಿ ಗಟ್ಟಿಯಾಗಿ ನಿಲ್ಲತ್ತೆ.

ಆ ಷಾಟ್‌ನಲ್ಲಿ ಗೂಡು ಅಲ್ಲಾಡ್ಸೋದು ಮೂರೇ ಪೋಸು, ಬೇಗ ಬೇಗ. ಅದಾದ್ಮೇಲೆ ಕೈ ಪೂರ್ತಿ ನಿಲ್ಲತ್ತೆ, ಅರ್ಧ ಸೆಕೆಂಡ್ ಏನೂ ಇಲ್ಲ, ಆಮೇಲೆ ಕಣ್ಣುಗುಡ್ಡೆ ಮಾತ್ರ ಪಕ್ಕಕ್ಕೆ ಹೋಗತ್ತೆ. ರೇಟ್ ಎಷ್ಟು ಹಾಕ್ಬೇಕು ಅಂತ ಅವರು ಲೆಕ್ಕ ಹಾಕ್ತಿರೋದು ಆ ಅರ್ಧ ಸೆಕೆಂಡಲ್ಲೇ. ಕೈ ಇನ್ನೂ ಅಲ್ಲಾಡ್ತಾ ಇದ್ದಿದ್ರೆ ಅದು ಯಾರಿಗೂ ಕಾಣ್ತಿರ್ಲಿಲ್ಲ.

ಹುಳ ಗೂಡು ಕಟ್ಟೋದನ್ನ ಮಾತ್ರ ಕತ್ತರಿಸಿ ಮಾಡಕ್ಕಾಗಲ್ಲ, ಅದರ ಮೈ ಕೀಲಲ್ಲಿ ತಿರುಗೋದಲ್ಲ. ಇದಕ್ಕೆ ನಾನು ಒಂದೊಂದು ಹಾಳೆ ಬಿಡಿಸಿದೆ. ಬಿಡಿಸೋಕೆ ಮುಂಚೆ ದೊಡ್ಡಮ್ಮನ ಹತ್ರ ಕೂತು ನೋಡಿದೆ, ಅವರು ಹೇಳಿದ್ದು, "ನೋಡಮ್ಮಾ, ಹಣ್ಣಾದ ಹುಳ ಸೊಪ್ಪು ಮುಟ್ಟಲ್ಲ, ತಲೆ ಎತ್ತಿ ಅತ್ಲಾಗೆ ಇತ್ಲಾಗೆ ಜಾಗ ಹುಡುಕ್ತದೆ, ಮೊದ್ಲು ಸುತ್ತ ಬಲೆ ಥರ ನೂಲು ಹಾಕ್ಕೊಂಡು ಆಮೇಲೆ ಕಟ್ಟಕ್ಕೆ ಕೂತ್ಕೊಳ್ತದೆ." ಆನಿಮೇಷನ್‌ಗೆ ಇದಕ್ಕಿಂತ ಒಳ್ಳೆ ಸ್ಕ್ರಿಪ್ಟ್ ಬೇಕಾ? ಹಣ್ಣಾದ ಹುಳದ ಮೈ ಚೂರು ಹಳದಿಯಾಗಿ ಬೆಳಕು ಒಳಗೆ ಹೋಗೋ ಥರ ಆಗತ್ತೆ, ಕಟ್ಟೋವಾಗ ತಲೆ 8ರ ಆಕಾರದಲ್ಲಿ ಓಡಾಡತ್ತೆ, ಹಿಂದಿನ ಕಾಲು ಹಿಡ್ಕೊಂಡಲ್ಲೇ ಇರತ್ತೆ. ಮೊಬೈಲಲ್ಲಿ ವಿಡಿಯೋ ತೆಗೆದು ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್, ಆದ್ರೆ ಒಂದು ಚಿತ್ರನ ಎರಡು ಫ್ರೇಮ್ ಇಟ್ರೆ ಸೆಕೆಂಡಿಗೆ 12 ಚಿತ್ರ ಸಾಕು. ನನ್ನ ಹುಳಕ್ಕೆ ಒಂದು 8 ಸುತ್ತಕ್ಕೆ 16 ಚಿತ್ರ, ಕೊನೇದು ಮೊದಲನೇದಕ್ಕೆ ಸೇರ್ಕೊಂಡು ಸುತ್ತುತ್ತಾನೇ ಇರತ್ತೆ, ಅಂದ್ರೆ ಲೂಪ್. ಇಲ್ಲಿ ಗುಟ್ಟು ಇರೋದು ಚಿತ್ರಗಳ ಮಧ್ಯದ ಅಂತರದಲ್ಲಿ. 8ರ ಎರಡೂ ಕೊನೆಯಲ್ಲಿ ತಲೆ ತಿರುಗೋವಾಗ ಚಿತ್ರಗಳು ಹತ್ತತ್ರ ಇರ್ಬೇಕು, ಮಧ್ಯ ಗೆರೆ ದಾಟೋ ಕಡೆ ದೂರ ದೂರ. ಎಲ್ಲಾ ಕಡೆ ಸಮ ಇಟ್ರೆ ಮಷೀನ್ ತಿರುಗಿದ ಹಾಗೆ ಆಗತ್ತೆ. ಇನ್ನೊಂದು, ತಲೆ ಹೋದ ದಾರಿಯಲ್ಲೇ ಎದೆ ಭಾಗ ಒಂದು ಚಿತ್ರ ತಡವಾಗಿ ಹೋಗ್ಬೇಕು, ಅದರ ಹಿಂದಿನ ಭಾಗ ಇನ್ನೂ ತಡವಾಗಿ ಇನ್ನೂ ಕಮ್ಮಿ. ಹುಳ ಮೆತ್ತಗಿದೆ ಅಂತ ಅನ್ಸೋದು ಈ ತಡದಿಂದ.

ಹಾಳೆ ಜರುಗದ ಹಾಗೆ ಇಡೋಕೆ ದುಡ್ಡು ಖರ್ಚು ಮಾಡೋ ಅಗತ್ಯ ಇಲ್ಲ. ಆಫೀಸ್ ಫೈಲ್‌ಗೆ ತೂತು ಹಾಕೋ ಪಂಚಿಂಗ್ ಮಷೀನ್‌ನಲ್ಲಿ ಎಲ್ಲಾ ಎ4 ಹಾಳೆಗೂ ಒಂದೇ ಕಡೆ ಎರಡು ತೂತು, ಒಂದು ಪಟ್ಟಿಗೆ ಆ ತೂತಿನ ಅಳತೆಗೆ ಎರಡು ಕಡ್ಡಿ ಅಂಟಿಸ್ಕೊಂಡ್ರೆ ಮುಗೀತು. ಅದರ ಕೆಳಗೆ ಗಾಜು, ಗಾಜಿನ ಕೆಳಗೆ ಎಲ್‌ಇಡಿ ಬಲ್ಬು. 75 ಜಿಎಸ್‌ಎಂ ಜೆರಾಕ್ಸ್ ಪೇಪರ್‌ನಲ್ಲಿ ಕೆಳಗಿನ ಚಿತ್ರ ಚೆನ್ನಾಗಿ ಕಾಣತ್ತೆ. ಅಮೆರಿಕದಲ್ಲಿ ಪೇಪರ್‌ಗೆ ಕಾಮಿಕ್ ಬರೀತಿದ್ದ ವಿನ್ಸರ್ ಮೆಕೇ 1911ರಲ್ಲಿ ತನ್ನ ಕಾಮಿಕ್‌ನ ಪಾತ್ರಗಳನ್ನೇ ಅಲ್ಲಾಡೋ ಹಾಗೆ ಮಾಡಿದ, ಅದಕ್ಕೆ ಸುಮಾರು 4,000 ಚಿತ್ರ ಕೈಯಲ್ಲೇ ಬಿಡಿಸಿದ್ದ. ನಮ್ಮ ಹತ್ರ ಲೂಪ್ ಇದೆ, ಕಾಪಿ ಇದೆ, ಅನ್‌ಡೂ ಇದೆ, ಹದಿನಾರು ಹಾಳೆಗೆ ಹೆದರೋದು ಬೇಡ.

ಹುಳ ಜ್ವರಕ್ಕೆ ಕೂತಿರೋ ಷಾಟ್ ನನಗೆ ಇಡೀ ವಿಡಿಯೋದಲ್ಲಿ ತುಂಬಾ ಇಷ್ಟ. ಗೊತ್ತಿಲ್ದೆ ಇರೋರಿಗೆ, ಹುಳ ನಾಲ್ಕು ಸಲ ಪೊರೆ ಬಿಡತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತೀವಿ, ಆಗ ತಿನ್ನಲ್ಲ, ತಲೆ ಎತ್ಕೊಂಡು ಅಲ್ಲಾಡ್ದೆ ಕೂತಿರತ್ತೆ. ತಟ್ಟೆ ತುಂಬ ಹುಳ, ಎಲ್ಲಾದ್ರ ತಲೆನೂ ಮೇಲೆ, ಯಾವ್ದೂ ಅಲ್ಲಾಡಲ್ಲ. ಆದ್ರೆ ಒಂದೇ ಚಿತ್ರ ಇಟ್ರೆ ವಿಡಿಯೋ ಸ್ಟಕ್ ಆಗಿದೆ ಅಂತ ಅಂದ್ಕೊಳ್ತಾರೆ. ಅದಕ್ಕೆ ಅದೇ ಚಿತ್ರನ ಮೂರು ಸಲ ಟ್ರೇಸ್ ಮಾಡಿ, ಒಂದೊಂದನ್ನ ಮೂರು ಫ್ರೇಮ್ ಇಟ್ಟು ಸುತ್ತಿಸಿದೆ. ಕೈಯಲ್ಲಿ ಬಿಡಿಸಿದ್ದಲ್ವಾ, ಗೆರೆ ಮೂರರಲ್ಲೂ ಚೂರು ಚೂರು ಬೇರೆ ಇರತ್ತೆ, ಹಾಗಾಗಿ ಹುಳ ಸುಮ್ನಿದ್ರೂ ಗೆರೆ ಉಸಿರಾಡತ್ತೆ. ಇದಕ್ಕೆ ಲೈನ್ ಬಾಯಿಲ್ ಅಂತಾರೆ. ಹೊಸದಾಗಿ ಶುರು ಮಾಡೋರು ಇದರಿಂದಲೇ ಶುರು ಮಾಡಿ ಅಂತ ನಾನು ಹೇಳೋದು, ನಿಮ್ಮ ಸ್ಕೆಚ್‌ಬುಕ್‌ನ ಯಾವ ಪುಟಕ್ಕಾದ್ರೂ ಹೊಂದತ್ತೆ.

ಮಾತಾಡೋ ಬಾಯಿ ಬಗ್ಗೆ. ನೆಟ್ಟಲ್ಲಿ ಸಿಗೋ ಬಾಯಿ ಆಕಾರದ ಚಾರ್ಟ್ ಎಲ್ಲಾ ಇಂಗ್ಲಿಷ್ ಮಾತಿಗೆ ಮಾಡಿದ್ದು, ಕನ್ನಡಕ್ಕೆ ನಾನು ನಾಲ್ಕೇ ಇಟ್ಕೊಂಡೆ. ತೆರೆದಿದ್ದು ಅ-ಆಗೆ, ಅಗಲದ್ದು ಇ-ಎಗೆ, ದುಂಡಗಿದ್ದು ಉ-ಒಗೆ, ಮುಚ್ಚಿದ್ದು ಪ-ಬ-ಮಗೆ. ಸರಳ ಚಿತ್ರಕ್ಕೆ ಇಷ್ಟು ಧಾರಾಳ ಸಾಕು. ಆದ್ರೆ ನಮ್ಮ ಭಾಷೇಲಿ ಒತ್ತಕ್ಷರ ಜಾಸ್ತಿ, ದೊಡ್ಡಮ್ಮ, ಸೊಪ್ಪು, ಹಬ್ಬ, ಇಂಥ ಕಡೆ ಮುಚ್ಚಿದ ಬಾಯಿನ ಬೇರೆ ಆಕಾರಕ್ಕಿಂತ ಹೆಚ್ಚು ಹೊತ್ತು ಹಿಡೀಬೇಕು, ನಾನು ನಾಲ್ಕು ಫ್ರೇಮ್ ಇಟ್ಟೆ. ಎರಡೇ ಇಟ್ರೆ ಸೊಪು ಅಂದ ಹಾಗೆ ಕಾಣತ್ತೆ. ಬಾಯಿ ಸದ್ದಿಗಿಂತ ಒಂದೆರಡು ಫ್ರೇಮ್ ಮುಂಚೆ ಮುಚ್ಚಿದ್ರೆ ಸರಿ ಕೂರತ್ತೆ. ಮತ್ತೆ ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯತ್ತೆ, ಹಾಗಾಗಿ ಮಾತು ನಿಂತ ತಕ್ಷಣ ಬಾಯಿ ಪಟ್ ಅಂತ ಮುಚ್ಚಬೇಡಿ, ನಿಧಾನ ಮುಚ್ಚಲಿ.

ಸದ್ದು ನಾನೇ ರೆಕಾರ್ಡ್ ಮಾಡಿದ್ದು. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನೋ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗಿರತ್ತೆ, ರಾತ್ರಿ ಫ್ಯಾನ್ ಆಫ್ ಮಾಡಿ ಮೊಬೈಲನ್ನ ತಟ್ಟೆ ಹತ್ರ ಹಿಡಿದ್ರೆ ಸಾಕು, ಬಹಳ ಚೆನ್ನಾಗಿ ಬರತ್ತೆ. ಮ್ಯೂಸಿಕ್ ಹಾಕ್ಲೇ ಇಲ್ಲ, ಬೇಕಾಗ್ಲಿಲ್ಲ.

ಸಾಫ್ಟ್‌ವೇರ್: ಒಂದೊಂದು ಚಿತ್ರ ಬಿಡಿಸಿದ್ದಕ್ಕೆ ಕ್ರಿಟಾ, ಕಟ್‌ಔಟ್‌ಗೆ ಓಪನ್‌ಟೂನ್ಝ್, ಜೋಡಿಸೋಕೆ ಕೆಡೆನ್‌ಲೈವ್. ಮೂರೂ ಫ್ರೀ. ಕ್ರಿಟಾದಲ್ಲಿ ಆನಿಯನ್ ಸ್ಕಿನ್ ಆನ್ ಮಾಡಿದ್ರೆ ಹಿಂದಿನ ಮುಂದಿನ ಚಿತ್ರ ಬಣ್ಣದಲ್ಲಿ ಮಸುಕಾಗಿ ಕಾಣತ್ತೆ, ಅಂತರ ನೋಡೋಕೆ ಅದೇ ದಾರಿ. ಓಪನ್‌ಟೂನ್ಝ್ 2016ರಿಂದ ಎಲ್ರಿಗೂ ಫ್ರೀಯಾಗಿ ಸಿಗ್ತಿದೆ, ಮೊದಲ ದಿನ ನೋಡೋಕೆ ಗೋಜಲು, ಆದ್ರೆ ಅಂಗೈನ ಮುಂಗೈಗೆ, ಮುಂಗೈನ ಮೈಗೆ ಜೋಡಿಸೋ ಕೆಲಸ ಅದರಲ್ಲಿ ಚೆನ್ನಾಗಾಗತ್ತೆ. ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಕಮ್ಮಿ ಇದ್ರೆ 1280 ಬೈ 720ರಲ್ಲೇ ಕೆಲಸ ಮಾಡಿ. ಬರೀ ಮೊಬೈಲ್ ಇದ್ರೆ ಫ್ಲಿಪಾಕ್ಲಿಪ್‌ನಲ್ಲಿ ಲೈನ್ ಬಾಯಿಲ್, ಲೂಪ್ ಎರಡೂ ಆರಾಮಾಗಿ ಮಾಡ್ಬೋದು.

ಕೊನೇಲಿ ಎಂಪಿ4 ಮಾಡಿ ಊರಿನ ಗ್ರೂಪಿಗೆ ಕಳ್ಸೋವಾಗ ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಹಾಕ್ಬೇಡಿ, ಡಾಕ್ಯುಮೆಂಟ್ ಅಂತ ಹಾಕಿ. ವಿಡಿಯೋ ಅಂತ ಹಾಕಿದ್ರೆ ಅದು ಕುಗ್ಗಿಸತ್ತೆ, ಬಣ್ಣ ತುಂಬಿದ ಕಾರ್ಟೂನ್ ಆದ್ರೆ ಹೆಂಗೋ ತಡ್ಕೊಳತ್ತೆ, ತೆಳು ಇಂಕ್ ಗೆರೆ ಮತ್ತೆ ಪೇಪರ್‌ನ ತರಿ ಮೊದ್ಲು ಕಿತ್ಕೊಂಡು ಹೋಗೋದು, ಚಂದ್ರಿಕೆ ಸುತ್ತುಗಳೆಲ್ಲಾ ಕಲಸಿ ಬೂದು ಬಣ್ಣ ಆಗ್ಬಿಡತ್ತೆ.