ಪಿಸ್ತೂಲಿಗೆ ಯಾವ ಕ್ಯಾಲಿಬರ್? ಕೊಡಗಿನವರಿಗೊಂದು ಲೆಕ್ಕಾಚಾರ

ಮಿಲಿಟರಿಯಿಂದ ರಿಟೈರ್ ಆಗಿ ಬಂದ ಮಾವ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಪಿಸ್ತೂಲಿಗೆ ಯಾವ ಕ್ಯಾಲಿಬರ್, ಅಂದರೆ ಎಷ್ಟು ಅಗಲದ ಗುಂಡು, ಒಳ್ಳೇದು ಅನ್ನೋ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿರುತ್ತದೆ: 9 ಎಂ.ಎಂ. ಬಿಟ್ಟರೆ ಮಿಕ್ಕಿದ್ದೆಲ್ಲಾ ಆಟಿಕೆ. ಅವರನ್ನು ದೂರೋ ಹಾಗಿಲ್ಲ. ಇಷಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದ 9 ಎಂ.ಎಂ. 1ಎ ಪಿಸ್ತೂಲು, ಮ್ಯಾಗಜೀನಿನಲ್ಲಿ 13 ತೋಟಾ, ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಸರ್ವಿಸ್ ಮುಗಿಸಿದವರು ಇನ್ನೇನು ಹೇಳುತ್ತಾರೆ?

ತೊಂದರೆ ಏನಂದ್ರೆ, ಆ ಕ್ಯಾಲಿಬರ್ ನಮ್ಮ ನಿಮ್ಮಂಥವರಿಗೆ ಸಿಗಲ್ಲ. ಸೈನ್ಯ, ಪೊಲೀಸಿನ ತೋಟಾ ಯಾವ ಪಿಸ್ತೂಲಿಗೆ ಹಿಡಿಸುತ್ತದೋ ಅದನ್ನು ನಮ್ಮ ಆಯುಧ ನಿಯಮಗಳು ನಿಷೇಧಿತ ಬೋರ್ (ಪ್ರೊಹಿಬಿಟೆಡ್ ಬೋರ್) ಪಟ್ಟಿಗೆ ಹಾಕಿವೆ. ಅಂಗಡಿಯವರು ಪಿ.ಬಿ. ಅನ್ನೋದು ಇದನ್ನೇ. 9 ಎಂ.ಎಂ., .45, .380 ರಿವಾಲ್ವರ್, .455 (ಚುಕ್ಕಿ ಇರೋ ಅಂಕಿಗಳು ಇಂಚಿನ ಲೆಕ್ಕ) ಎಲ್ಲಾ ಅದರಲ್ಲೇ ಬರುತ್ತವೆ. ಇವಕ್ಕೆ ಡಿಸಿ ಲೈಸನ್ಸ್ ಕೊಡಕ್ಕಾಗಲ್ಲ, ದೆಹಲಿಯ ಗೃಹ ಇಲಾಖೆಯವರೆಗೆ ಹೋಗಬೇಕು, ಅಲ್ಲೂ ಸುಮ್ನೆ ಆಸೆಗೆ ಕೇಳಿದವರಿಗೆ ಸಿಗೋ ವಸ್ತು ಅಲ್ಲ. ಹಾಗಾಗಿ 9 ದೊಡ್ಡದೋ .45 ದೊಡ್ಡದೋ ಅನ್ನೋ ಜಗಳ ಅಮೆರಿಕದವರಿಗೆ ಇರಲಿ. ನಮ್ಮ ಪಟ್ಟಿ ಚಿಕ್ಕದು, ಕೆಲಸವೂ ಸುಲಭ.

ಪಟ್ಟಿಗೆ ಹೋಗೋ ಮುಂಚೆ ಕಾಗದದ ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬರೋ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ, 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಸರಿ. ಆದರೆ ಅದನ್ನೇ ನಂಬಿಕೊಂಡು ಪಿಸ್ತೂಲಿಗೆ ಅಡ್ವಾನ್ಸ್ ಕೊಡಬೇಡಿ. ಜಿಲ್ಲೆಯಾಚೆ ಒಯ್ಯೋ ಮಾತು ಬಂದಾಗ ಆ ಆದೇಶ ಹೇಳೋದು ಒಂದು ರೈಫಲ್, ಒಂದು ತೋಟಾ ಕೋವಿ ಬಗ್ಗೆ. ನಿಮ್ಮ ವಿನಾಯಿತಿ ಪತ್ರದಲ್ಲಿ ಏನು ಬರೆದಿದೆ ಅನ್ನೋದನ್ನು ಮಡಿಕೇರಿಯ ಡಿಸಿ ಕಚೇರಿಯಲ್ಲಿ ತೋರಿಸಿ, ಪಿಸ್ತೂಲು ಅಥವಾ ರಿವಾಲ್ವರಿಗೆ ಏನು ಬೇಕು ಅಂತ ಬರಹದಲ್ಲಿ ಕೇಳಿ. ಪೇಟೆಯಲ್ಲಿ ಕಾಫಿ ಕುಡೀತಾ ಸಿಗೋ ಕಾನೂನು ಸಲಹೆ ಬಿಟ್ಟಿ, ಅದಕ್ಕೆ ಬೆಲೆಯೂ ಅಷ್ಟೇ. ಲೈಸನ್ಸ್ ಮೇಲೆ ಆಯುಧ ಇಟ್ಟುಕೊಂಡವರಿಗೆ ಇನ್ನೊಂದು ಕಟ್ಟು ಇದೆ: ಮೊದಲು ಒಬ್ಬರಿಗೆ ಮೂರು ಇಡಬಹುದಿತ್ತು, 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು, ಅಜ್ಜನಿಂದ ಬಂದಿದ್ದೂ ಲೆಕ್ಕಕ್ಕೆ ಸೇರುತ್ತೆ. ಮನೆಯಲ್ಲಿ ಹೇಗೂ ಒಂದು 12 ಬೋರ್ ಕೋವಿ ಇರುತ್ತೆ ಅಲ್ವಾ, ಅಲ್ಲಿಗೆ ಉಳಿಯೋದು ಒಂದೇ ಜಾಗ. ಒಂದೇ ಕ್ಯಾಲಿಬರ್ ಆರಿಸಿ ಅಂತ ಹೇಳ್ತಿರೋದು ಇದಕ್ಕೇ.

ಇನ್ನು, ಯಾಕೆ ಬೇಕು ಅಂತ ನಿಮ್ಮನ್ನೇ ನೀವು ಕೇಳಿಕೊಳ್ಳಿ. ತೋಟಕ್ಕೆ ಬರೋ ಆನೆಗೆ ಅಂತ ಉತ್ತರ ಬಂದರೆ ಇಲ್ಲಿಗೇ ನಿಲ್ಲಿಸಿ. ಆನೆ ಮುಂದೆ ಪಿಸ್ತೂಲು ಹಿಡಿದು ನಿಲ್ಲೋನಿಗೆ ಬುದ್ಧಿ ಇಲ್ಲ, 1972ರ ವನ್ಯಜೀವಿ ಕಾಯ್ದೆಯೂ ಇದೆ. ಕಾಡುಹಂದಿಗೂ ಇದೇ ಮಾತು, ಗಾಯ ಮಾಡಿ ಬಿಟ್ಟ ಹಂದಿ ಮಾರನೇ ದಿನ ತೋಟದ ಕೆಲಸದವರ ಮೇಲೆ ಬೀಳುತ್ತೆ. ಕೈಲ್‌ಪೊಳ್ದಿನ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆಗೆ ಇಡೋದು, ಪುತ್ತರಿಗೆ ಕದಿರು ಕೊಯ್ಯೋ ಹೊತ್ತಿಗೆ ಗುಂಡು ಹಾರಿಸೋದು, ತೆಂಗಿನಕಾಯಿಗೆ ಗುರಿ ಇಡೋ ಸ್ಪರ್ಧೆ, ಇವೆಲ್ಲಾ ಕೋವಿ, ರೈಫಲ್ಲಿನ ಕೆಲಸ. ಪಿಸ್ತೂಲಿಗೆ ಉಳಿಯೋದು ಎರಡೇ: ಒಂಟಿ ಮನೆಯ ಧೈರ್ಯ, ಇಲ್ಲಾಂದ್ರೆ ರೇಂಜಿಗೆ ಹೋಗಿ ಗುರಿ ಕಲಿಯೋ ಖುಷಿ.

ಈಗ ಪಟ್ಟಿ. ಡಿಸಿ ಲೈಸನ್ಸಿನಲ್ಲಿ ಸಿಗೋವುಗಳಲ್ಲಿ ಲೆಕ್ಕಕ್ಕೆ ಬರೋದು .22, .32, .357.

.357 ಮ್ಯಾಗ್ನಂ ಬಗ್ಗೆ ಜಾಸ್ತಿ ಬರೆಯಲ್ಲ. ಒಳ್ಳೇ ತೋಟಾ, ಭಾರೀ ಏಟು. ಆದರೆ ಸಾಮಾನ್ಯ ಜನ ವಿದೇಶದಿಂದ ಬಂದೂಕು ತರಿಸೋದು 80ರ ದಶಕದಲ್ಲೇ ನಿಂತುಹೋಯಿತು, ಹಾಗಾಗಿ ಇಲ್ಲಿರೋ ಹಳೇ ರಿವಾಲ್ವರುಗಳೇ ಕೈಯಿಂದ ಕೈಗೆ ಹಲವು ಲಕ್ಷಕ್ಕೆ ಓಡಾಡುತ್ತಿವೆ. ತೋಟಾ ಬೆಲೆಯೂ ಹಾಗೇ. ಒಂದು ಗುಂಡು ಹೊಡೆಯೋಕೂ ಯೋಚಿಸೋ ಆಯುಧದಲ್ಲಿ ಗುರಿ ಬರೋದು ಯಾವಾಗ? ದುಡ್ಡಿದ್ದವರು ತಗೊಂಡು ಬೀರುವಿನಲ್ಲಿ ಇಟ್ಟುಕೊಳ್ಳಲಿ.

ನನ್ನ ಆಯ್ಕೆ .32. ಕಾರಣ ಅದರ ಶಕ್ತಿ ಅಲ್ಲ. ಶಕ್ತಿಯ ಲೆಕ್ಕಕ್ಕೆ ಬಂದರೆ ಇದು 170 ಜೌಲ್ ಆಸುಪಾಸಿನ ತೋಟಾ, 9 ಎಂ.ಎಂ. 500ರ ಹತ್ತಿರ ಹೋಗುತ್ತೆ. ಆದರೂ .32 ಅಂತೀನಿ, ಯಾಕಂದ್ರೆ ಆಯುಧವೂ ತೋಟಾವೂ ಎರಡೂ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಕಾನ್ಪುರದ ರಿವಾಲ್ವರುಗಳಿವೆ, 2014ರಲ್ಲಿ ಬಂದ ಹಗುರದ ನಿರ್ಭೀಕ್, 2023ರ ಪ್ರಬಲ್. ಪಿಸ್ತೂಲೇ ಬೇಕಂದ್ರೆ ಅಶನಿ ಇದೆ. ತೋಟಾದ ಬುಡದಲ್ಲಿ ಕೆಎಫ್ ಅಂತ ಒತ್ತಿದ್ದರೆ ಅದು ಪುಣೆಯ ಖಡ್ಕಿ ಫ್ಯಾಕ್ಟರಿಯದು. ಪೆಟ್ಟು ಕೈಗೆ ಅಷ್ಟಾಗಿ ಬಡಿಯಲ್ಲ, ಅದರಿಂದ ಎರಡನೇ ಗುಂಡೂ ಮೊದಲನೆಯದರ ಹತ್ತಿರವೇ ಬೀಳುತ್ತೆ. ಗುರಿ ತಪ್ಪಿದ ದೊಡ್ಡ ಗುಂಡಿಗಿಂತ ತಾಗಿದ ಸಣ್ಣ ಗುಂಡು ವಾಸಿ.

ಇಲ್ಲಿ ಒಂದು ಗೊಂದಲ ಇದೆ, ನಿಧಾನವಾಗಿ ಓದಿ. .32 ಅನ್ನೋದು ಒಂದು ತೋಟಾ ಅಲ್ಲ, ಎರಡು. ಒಂದು .32 ಎಸಿಪಿ, ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ 1899ರ ಹೊತ್ತಿಗೆ ಪಿಸ್ತೂಲಿಗೆ ಅಂತ ಮಾಡಿದ್ದು. ಇನ್ನೊಂದು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ರಿವಾಲ್ವರಿನದು, 1896ರದ್ದು. ಲೈಸನ್ಸ್ ಪುಸ್ತಕದಲ್ಲಿ ಎರಡಕ್ಕೂ ಬರೀ .32 ಬೋರ್ ಅಂತ ಬರೆದಿರಬಹುದು. ಎರಡನ್ನೂ ಅಂಗೈ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ಲಾಂಗ್ ಹೆಸರಿಗೆ ತಕ್ಕಂತೆ ಉದ್ದ, ಸೀಸದ ಗುಂಡು, ಬುಡದ ಅಂಚು ಸ್ಪಷ್ಟವಾಗಿ ಹೊರಕ್ಕೆ ಚಾಚಿರುತ್ತೆ, ಆ ಅಂಚಿನ ಮೇಲೇ ಅದು ಸಿಲಿಂಡರಿನಲ್ಲಿ ಕೂರೋದು. ಎಸಿಪಿ ಗಿಡ್ಡ, ಗುಂಡಿಗೆ ತಾಮ್ರದ ಬಣ್ಣದ ಹೊದಿಕೆ, ಬುಡದಲ್ಲಿ ಸುತ್ತಲೂ ಕಚ್ಚು, ಅಂಚು ಉಗುರು ಆಡಿಸಿದರೆ ಮಾತ್ರ ತಿಳಿಯೋ ಅಷ್ಟು. ಕೆಲವು ರಿವಾಲ್ವರುಗಳಲ್ಲಿ ಎಸಿಪಿ ಒಳಗೆ ಇಳಿದುಬಿಡುತ್ತೆ. ಇಳೀತು ಅಂತ ಹೊಡೆಯಬೇಡಿ, ಒತ್ತಡ ಬೇರೆ. ಹಳೇ ಪಿಸ್ತೂಲಿನ ಮೈಮೇಲೆ 7.65 ಅಂತ ಕೆತ್ತಿದ್ದರೆ ಗಾಬರಿ ಬೇಡ, ಬ್ರೌನಿಂಗ್ 7.65 ಅಂದರೂ .32 ಎಸಿಪಿ ಅಂದರೂ ಒಂದೇ. ಆದರೆ 7.65ರಲ್ಲೇ ಬೇರೆ ತೋಟಾಗಳೂ ಇವೆ, ಕೆತ್ತನೆಯನ್ನು ಪೂರ್ತಿ ಓದಿಸಿಕೊಂಡೇ ತೋಟಾ ತಗೊಳ್ಳಿ.

ಪಿಸ್ತೂಲು ಆರಿಸಿಕೊಂಡರೆ ಮ್ಯಾಗಜೀನ್ ತುಂಬೋವಾಗ ಒಂದು ಎಚ್ಚರ. ಎಸಿಪಿಗೆ ಸಣ್ಣದಾದರೂ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಹೋಗಿ ಕೂತರೆ ಎರಡೂ ಕಚ್ಚಿಕೊಂಡು ನಿಲ್ಲುತ್ತವೆ, ಪಿಸ್ತೂಲು ಅಲ್ಲಿಗೆ ಜಾಮ್. ಪ್ರತಿ ತೋಟಾವನ್ನೂ ಹೆಬ್ಬೆರಳಲ್ಲಿ ಒತ್ತಿ ಇಳಿಸೋವಾಗ ಮೇಲಿನದರ ಅಂಚು ಮುಂದೆಯೇ ಇದೆಯಾ ಅಂತ ನೋಡಿಕೊಳ್ಳಿ.

ಈ ತಲೆನೋವೇ ಬೇಡ ಅನ್ನೋರಿಗೆ ರಿವಾಲ್ವರ್. ನನ್ನ ವೋಟು ಅದಕ್ಕೇ, .32 ಲಾಂಗ್‌ಗೆ. ನಮ್ಮ ಕಾನ್ಪುರದ ಹಳೇ ಮಾದರಿ ಬ್ರಿಟಿಷರ ವೆಬ್ಲಿ ರಿವಾಲ್ವರ್ ಥರ ಮಧ್ಯಕ್ಕೆ ಮುರಿದು ತೆರೆಯೋದು: ಹೆಬ್ಬೆರಳಲ್ಲಿ ಚಿಲಕ ಒತ್ತಿ ನಳಿಕೆ ಕೆಳಗೆ ಬಗ್ಗಿಸಿದರೆ ಆರೂ ಕೊಪ್ಪೆ (ತೋಟಾದ ಹೊರ ಚಿಪ್ಪು) ಒಟ್ಟಿಗೆ ಮೇಲೇಳುತ್ತವೆ. ತೆರೆಯೋವಾಗ ರಿವಾಲ್ವರನ್ನು ಪಕ್ಕಕ್ಕೆ ವಾಲಿಸಿ, ಖಾಲಿ ಕೊಪ್ಪೆ ಹೊರಗೆ ಬೀಳಲಿ, ಇಲ್ಲಾಂದ್ರೆ ಒಂದು ಹೋಗಿ ಕೊಪ್ಪೆ ಎತ್ತೋ ಎಕ್ಸ್‌ಟ್ರಾಕ್ಟರಿನ ಕೆಳಗೆ ಸಿಕ್ಕಿಕೊಂಡು ಸತಾಯಿಸುತ್ತೆ. ತುಂಬಿದೆಯೋ ಖಾಲಿಯೋ ಅಂತ ತೆರೆದ ಕೂಡಲೇ ಕಣ್ಣಿಗೆ ಕಾಣುತ್ತೆ, ಮನೆಯಲ್ಲಿ ಇಡೋ ಆಯುಧಕ್ಕೆ ಇದು ದೊಡ್ಡ ಗುಣ. ಒಂದು ಕೊರತೆ ಹೇಳಲೇಬೇಕು, ಕುದುರೆ (ಹ್ಯಾಮರ್) ಎತ್ತದೆ ನೇರ ಟ್ರಿಗರ್ ಎಳೆದರೆ ಭಾರ ಜಾಸ್ತಿ, ತೆಳು ಬೆರಳಿನವರಿಗೆ ನಳಿಕೆ ಒಂದು ಬದಿಗೆ ವಾಲುತ್ತೆ. ಖಾಲಿ ಮಾಡಿ, ಎರಡು ಸಲ ನೋಡಿ, ಸ್ನ್ಯಾಪ್ ಕ್ಯಾಪ್ (ಅಭ್ಯಾಸಕ್ಕಿರೋ ನಕಲಿ ತೋಟಾ) ಹಾಕಿ ಮನೆಯಲ್ಲೇ ಅಭ್ಯಾಸ ಮಾಡಬಹುದು.

.22 ಯಾರಿಗೆ? ಬರೀ ಗುರಿಗೆ ಅಂತ ತಗೊಳ್ಳೋರಿಗೆ ಇದೇ ಸರಿ, ನಾನು ಅಡ್ಡ ಬರಲ್ಲ. ತೋಟಾ ಅಗ್ಗ, ಸದ್ದು ಕಮ್ಮಿ, ಒಂದು ಬೆಳಗ್ಗೆ ಎಷ್ಟು ಹೊಡೆದರೂ ಕೈ ನೋಯಲ್ಲ. 2012ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ನಡೆಯೋದು .22ರಲ್ಲೇ. ಆದರೆ ಮನೆ ಕಾಯೋಕೆ ಅಂತ ನಾನು ಇದನ್ನು ನೆಚ್ಚಲ್ಲ. ಮದ್ದು ಹತ್ತಿಸೋ ಪುಡಿ ಇದರಲ್ಲಿ ಬುಡದ ಅಂಚಿನೊಳಗೆ ಇರುತ್ತೆ, ಹಾಗಾಗಿ ಠುಸ್ ಅನ್ನೋ ತೋಟಾ .32ಕ್ಕಿಂತ ಇದರಲ್ಲಿ ಜಾಸ್ತಿ. ಸಣ್ಣದು ಅಂತ ಸಲಿಗೆಯೂ ಬೇಡ. .22ರ ಗುಂಡು ಒಂದು ಕಿಲೋಮೀಟರ್ ದಾಟಿ ಹೋಗುತ್ತೆ. ನಮ್ಮ ಕಾಫಿ ಗಿಡದ ಹಿಂದೆ ಯಾರು ಕೂತು ಹಣ್ಣು ಕೊಯ್ತಿದ್ದಾರೆ, ಇಳಿಜಾರಿನ ಕೆಳಗೆ ಯಾರ ಲೈನ್ ಮನೆ ಇದೆ ಅನ್ನೋದು ಮೇಲಿಂದ ಕಾಣಲ್ಲ. ತೋಟದಲ್ಲಿ ಡಬ್ಬ ಇಟ್ಟು ಹೊಡೆಯೋ ಅಭ್ಯಾಸ ಬಿಟ್ಟು ರೇಂಜಿಗೆ ಹೋಗಿ.

ಆರಿಸೋ ಮುಂಚೆ ರೇಂಜಿನಲ್ಲಿ, ಕಲಿಸೋರ ಎದುರಲ್ಲೇ, .22, .32 ಎರಡನ್ನೂ ಹೊಡೆದು ನೋಡಿ. ಲೈಸನ್ಸಿಗೆ ಹೇಗೂ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಒಂದು ತಟ್ಟೆಯಷ್ಟು ಅಗಲದ ಕಾಗದ, ಹತ್ತು ಮೀಟರ್ ದೂರ, ಅವಸರ ಮಾಡದೆ ಆರು ಗುಂಡು. ಆರೂ ಕಾಗದದೊಳಗೆ ಬೀಳೋ ಕ್ಯಾಲಿಬರ್ ಯಾವುದೋ ಅದು ನಿಮ್ಮದು, ಮಾವ ಏನೇ ಅನ್ನಲಿ. ಆಮೇಲೆ ಅಂಗಡಿಗೆ ಫೋನ್ ಹಚ್ಚಿ, ತೋಟಾ ಈಗ ಸ್ಟಾಕ್ ಇದೆಯಾ, ಹೋದ ವರ್ಷ ಎಷ್ಟು ತಿಂಗಳು ಇರಲಿಲ್ಲ, ಎರಡನ್ನೂ ಕೇಳಿ. ಎರಡನೇ ಪ್ರಶ್ನೆಗೆ ಅವರು ತಡವರಿಸಿದರೆ ಇನ್ನೊಂದು ಅಂಗಡಿಗೂ ಮಾಡಿ.

ತಂದ ಮೇಲೆ ಮಳೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ಉಕ್ಕು ಕೇಳಬೇಕಾ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟುಬಿಡಬೇಡಿ, ಚರ್ಮ ತೇವ ಹಿಡಿದು ಅದೇ ಆಕಾರಕ್ಕೆ ತುಕ್ಕು ಬರಿಸುತ್ತೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಹಾಕಿದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಿ. ತೋಟಾ ಬೇರೆ ಡಬ್ಬದಲ್ಲಿ, ಬೇರೆ ಬೀಗದಲ್ಲಿ. ತೋಟಾಕ್ಕೆ ಎಣ್ಣೆ ಸವರಬೇಡಿ, ಬುಡದಿಂದ ಒಳಗೆ ಇಳಿದು ಮದ್ದು ಕೆಡುತ್ತೆ. ಬೆಚ್ಚಗಿರುತ್ತೆ ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸೋದೂ ಬೇಡ. ಮಳೆ ಮುಗಿದ ಮೇಲೆ ಡಬ್ಬ ತೆಗೆದು ಒಂದೊಂದೇ ನೋಡಿ, ಹಿತ್ತಾಳೆ ಮೇಲೆ ಹಸಿರು ಹಿಡಿದಿದ್ದರೆ ಅದನ್ನು ಹೊಡೆಯಬೇಡಿ, ಅಂಗಡಿಯವರಿಗೆ ತೋರಿಸಿ. ಚೆನ್ನಾಗಿರೋ ಹಳೇದನ್ನು ಮೊದಲು ರೇಂಜಿನಲ್ಲಿ ಖರ್ಚು ಮಾಡಿ, ಹೊಸ ಡಬ್ಬದ ಮೇಲೆ ತಂದ ತಾರೀಖು ಬರೆದಿಡಿ.